ಬಕೆಟ್‌ನಲ್ಲಿ ಗಟ್ಟಿ, ಟ್ಯಾಂಕ್‌ನಲ್ಲಿ ಹಸಿ

ಪ್ರಶ್ನೆ: ಸರ್, ಬಳ್ಳಾರಿ ಊರಾಚೆ ನಮ್ಮದೊಂದು ಸಣ್ಣ ಫೈಬರ್ ಶೆಡ್ ಇದೆ. ಜೀನ್ಸ್ ವಾಷಿಂಗ್ ಯುನಿಟ್‌ಗಳಿಗೆ ಟ್ಯಾಂಕ್, ಜೊತೆಗೆ ಕೂಲರ್ ಬಾಡಿ, ಬಾಗಿಲು ಮಾಡಿಕೊಡುತ್ತೇವೆ. ಎಲ್ಲಾ ಕೈಯಲ್ಲೇ ಗಾಜಿನ ನಾರಿನ ಮ್ಯಾಟ್ ಹಾಸಿ, ರೆಸಿನ್ (ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ಹಚ್ಚಿ ರೋಲರ್ ಎಳೆಯುವ ಕೆಲಸ. ಏಪ್ರಿಲ್ ಶುರುವಾದಾಗಿನಿಂದ ರೆಸಿನ್ ಬಕೆಟ್‌ನಲ್ಲೇ ಗಟ್ಟಿಯಾಗಿ ಹೊಗೆ ಬರುತ್ತಿತ್ತು. ಅದಕ್ಕೇ ಮೇಸ್ತ್ರಿ ಹಾರ್ಡನರ್ ಅರ್ಧಕ್ಕೆ ಇಳಿಸಿದ. ಈಗ ಎರಡು ಟ್ಯಾಂಕ್‌ಗಳ ಒಳಮೈ ಹತ್ತು ದಿನವಾದರೂ ಬೆರಳಿಗೆ ಅಂಟುತ್ತದೆ, ವಾಸನೆಯೂ ಹೋಗಿಲ್ಲ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗ "ಕ್ಯೂರ್ ಮಾನಿಟರಿಂಗ್ ಸೆನ್ಸರ್ ಹಾಕ್ಸಪ್ಪ" ಎನ್ನುತ್ತಾನೆ. ನಮ್ಮಂಥವರಿಗೆ ಅದು ಬೇಕೇ? ಸರಿಯಾಗಿ ಕ್ಯೂರ್ ಆಗಿದೆ, ಅಂದರೆ ಒಳಗಿನ ತನಕ ಗಟ್ಟಿಯಾಗಿದೆ ಅಂತ ತಿಳಿಯುವುದು ಹೇಗೆ?

ಉತ್ತರ: ಮೊದಲು ಮೇಸ್ತ್ರಿಯನ್ನು ಬಯ್ಯುವುದು ನಿಲ್ಲಿಸಿ. ಅವನು ಮಾಡಿದ್ದನ್ನೇ ನಾನೂ ಒಂದು ಕಾಲಕ್ಕೆ ಮಾಡಿದ್ದೇನೆ. ಹೊಸಪೇಟೆ ಕಡೆ ಶೆಡ್ ಇಟ್ಟಿದ್ದಾಗ ಒಂದು ಕಾರ್ಖಾನೆಗೆ ಐದು ಸಾವಿರ ಲೀಟರಿನ ಆಸಿಡ್ ಟ್ಯಾಂಕ್ ಒಪ್ಪಿಕೊಂಡಿದ್ದೆ. ಮೇ ತಿಂಗಳು, ತಗಡಿನ ಮಾಡು. ಹಾಸುವ ಮೊದಲೇ ರೆಸಿನ್ ಜೆಲ್ ಆಗುತ್ತಿತ್ತು, ಅಂದರೆ ಲೋಳೆಯಂತೆ ಹೆಪ್ಪುಗಟ್ಟುತ್ತಿತ್ತು. ಹಾರ್ಡನರನ್ನು ಶೇಕಡಾ 0.6ಕ್ಕೆ ಇಳಿಸಿದೆ. ಕೆಲಸ ಸಲೀಸಾಯಿತು, ಟ್ಯಾಂಕೂ ತಟ್ಟಿದರೆ ಠಣ್ ಎನ್ನುತ್ತಿತ್ತು. ಮೂರನೇ ತಿಂಗಳಿಗೆ ಲಾರಿಯಲ್ಲಿ ವಾಪಸ್ ಬಂತು. ಒಳಪದರ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು, ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು. ಗಿರಾಕಿ ಜಗಳ ಆಡಲಿಲ್ಲ. ದುಡ್ಡು ಹಿಡಿದುಕೊಂಡ, ಅಷ್ಟೇ.

ನೀವು ಹಾರ್ಡನರ್ ಅನ್ನುವುದು ಎಂಇಕೆಪಿ, ಅಂದರೆ ಮಿಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್. ಪಾಲಿಯೆಸ್ಟರ್ ರೆಸಿನ್ನಿಗೆ ಅದನ್ನು ಹಾರ್ಡನರ್ ಎಂದು ಕರೆಯುವುದರಿಂದಲೇ ಅರ್ಧ ಗೊಂದಲ. ನಿಜವಾದ ಹಾರ್ಡನರ್ ಇರುವುದು ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್ನಿಗೆ. ಅಲ್ಲಿ ಎರಡು ಡಬ್ಬಿಗಳ ಲೆಕ್ಕ ಕಂಪನಿ ಬರೆದಿಟ್ಟಷ್ಟೇ ಇರಬೇಕು, ಒಂದು ಹೆಚ್ಚಾದರೂ ಕಮ್ಮಿಯಾದರೂ ಉಳಿದದ್ದು ಹಾಗೇ ಹಸಿಯಾಗಿ ಕೂರುತ್ತದೆ. ಪಾಲಿಯೆಸ್ಟರಿನಲ್ಲಿ ಎಂಇಕೆಪಿ ಕಿಡಿ ಹೊತ್ತಿಸುವ ಕೆಲಸ ಮಾತ್ರ ಮಾಡುತ್ತದೆ. ರೆಸಿನ್ನಿಗೆ ಬೆರೆಸಿರುವ ಕೋಬಾಲ್ಟ್ ಎಂಬ ವೇಗವರ್ಧಕ ಅದನ್ನು ಒಡೆಯುತ್ತದೆ, ಒಡೆದ ತುಣುಕುಗಳು ರೆಸಿನ್ನಿನ ಸರಪಳಿಗಳನ್ನು ಅದರೊಳಗಿನ ಸ್ಟೈರೀನ್ ಎಂಬ ತೆಳು ದ್ರವದ ಮೂಲಕ ಒಂದಕ್ಕೊಂದು ಹೆಣೆಯುತ್ತವೆ. ಡ್ರಮ್ಮಿನಲ್ಲಿರುವ ರೆಸಿನ್ನಿನಲ್ಲಿ ನೂರಕ್ಕೆ ಸುಮಾರು 35ರಿಂದ 45 ಭಾಗ ಸ್ಟೈರೀನೇ. ನಿಮ್ಮ ಟ್ಯಾಂಕಿನಲ್ಲಿ ಇನ್ನೂ ಮೂಗಿಗೆ ಬಡಿಯುತ್ತಿರುವುದು ಹೆಣಿಗೆಗೆ ಸಿಗದೆ ಉಳಿದ ಆ ಸ್ಟೈರೀನ್.

ಸಿಮೆಂಟ್ ಕೆಲಸದಿಂದ ಬಂದ ಹುಡುಗರು ಕ್ಯೂರಿಂಗ್ ಅಂದರೆ ನೀರು ಹೊಡೆಯುವುದು ಎಂದುಕೊಂಡಿರುತ್ತಾರೆ. ಇಲ್ಲಿ ನೀರು ಹಗೆ. ಆಗಸ್ಟ್‌ನ ತೇವಕ್ಕೆ ಮ್ಯಾಟ್ ನೆನೆದಿದ್ದರೆ ಹಾಸಿದ್ದೆಲ್ಲ ಮಜ್ಜಿಗೆ ಬಣ್ಣಕ್ಕೆ ತಿರುಗುತ್ತದೆ. ಒಂದು ಮಾತ್ರ ಎರಡಕ್ಕೂ ಹೊಂದುತ್ತದೆ: ಗಟ್ಟಿಯಾಗುವಾಗ ಎರಡೂ ತಮ್ಮಷ್ಟಕ್ಕೆ ಬಿಸಿಯಾಗುತ್ತವೆ.

ಹಾರ್ಡನರ್ ಬೆರೆಸಿದ ಮೇಲೆ ಮೊದಲ ಹತ್ತು ಹದಿನೈದು ನಿಮಿಷ ಏನೂ ಆಗುತ್ತಿಲ್ಲ ಅನಿಸುತ್ತದಲ್ಲ, ಆಗಲೇ ಒಳಗೆ ಕೆಲಸ ನಡೆದಿರುತ್ತದೆ. ಡ್ರಮ್ಮಿನಲ್ಲೇ ಗಟ್ಟಿಯಾಗದಿರಲಿ ಎಂದು ಕಂಪನಿಯವರು ರೆಸಿನ್ನಿಗೆ ಒಂದಿಷ್ಟು ತಡೆಮದ್ದು ಹಾಕಿರುತ್ತಾರೆ. ಎಂಇಕೆಪಿಯಿಂದ ಹೊರಟ ಮೊದಲ ತುಣುಕುಗಳನ್ನೆಲ್ಲ ಅದು ನುಂಗುತ್ತದೆ. ಅದು ಮುಗಿದ ಮೇಲಷ್ಟೇ ಹೆಣಿಗೆ ಶುರು. ಆಮೇಲೆ ಜೆಲ್, ಜೆಲ್ ಆದ ಮೇಲೆ ಏಕಾಏಕಿ ಬಿಸಿ ಏರಿಕೆ. ಹಾರ್ಡನರ್ ಅರ್ಧಕ್ಕೆ ಇಳಿಸಿದರೆ ತಡೆಮದ್ದು ನುಂಗಿ, ಗಾಳಿಯ ಆಮ್ಲಜನಕ ನುಂಗಿ, ಕೊನೆಗೆ ಹೆಣೆಯಲು ಉಳಿಯುವುದು ಚೂರೇ ಚೂರು. ಜೆಲ್ಲೇನೋ ಆಗುತ್ತದೆ, ಯಾಕೆಂದರೆ ಪಾಲಿಯೆಸ್ಟರ್ ಜೆಲ್ ಆಗಲು ಪೂರ್ತಿ ಹೆಣಿಗೆಯಲ್ಲಿ ತೀರಾ ಸ್ವಲ್ಪ ಪಾಲು ಸಾಕು. ಗಟ್ಟಿಯಾಯಿತು ಎಂದು ಎಲ್ಲರೂ ಮನೆಗೆ ಹೋಗುತ್ತಾರೆ. ಅದಕ್ಕೇ ಹೆಚ್ಚಿನ ಕಂಪನಿಗಳು ಶೇಕಡಾ 1ರಿಂದ 2ರ ಒಳಗೆ ಇರಿ ಎನ್ನುವುದು. ಕಿಲೋಗೆ 10ರಿಂದ 20 ಗ್ರಾಂ. ತೂಗಿ ಹಾಕಿ. ಬಾಟಲಿ ಮುಚ್ಚಳದ ಲೆಕ್ಕ ಬಿಡಿ. ಮುಚ್ಚಳ ಹಾಳಾದ ದಿನ ಲೆಕ್ಕವೂ ಹಾಳಾಗುತ್ತದೆ.

ಹಾಗಾದರೆ ಬಕೆಟ್‌ನಲ್ಲಿ ಹೊಗೆ ಯಾಕೆ? ಹಾರ್ಡನರ್ ಹೆಚ್ಚಾಗಿದ್ದಕ್ಕಲ್ಲ, ರೆಸಿನ್ನೇ ಬಿಸಿಯಾಗಿದ್ದಕ್ಕೆ. ಶಾಖ 10 ಡಿಗ್ರಿ ಏರಿದರೆ ಜೆಲ್ ಆಗುವ ಸಮಯ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಕಂಪನಿ ಚೀಟಿಯಲ್ಲಿ 25 ಡಿಗ್ರಿಗೆ 20 ನಿಮಿಷ ಎಂದು ಬರೆದಿದ್ದರೆ, ನಿಮ್ಮ ಶೆಡ್ಡಿನ ಮಧ್ಯಾಹ್ನದ 45 ಡಿಗ್ರಿಗೆ ಅದು ಐದೇ ನಿಮಿಷ. ಅದರ ಮೇಲೆ ಬಕೆಟ್ ಬೇರೆ. ಹತ್ತು ಕಿಲೋ ರೆಸಿನ್ ಒಂದೇ ಕಡೆ ಗುಡ್ಡೆಯಾಗಿ ಕೂತರೆ ಒಳಗಿನ ಬಿಸಿಗೆ ಹೊರಗೆ ಹೋಗಲು ದಾರಿ ಇಲ್ಲ. ಬಿಸಿ ಹೆಣಿಗೆಯನ್ನು ಓಡಿಸುತ್ತದೆ, ಹೆಣಿಗೆ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ. ಅದೇ ರೆಸಿನ್ ಎರಡು ಮಿಲಿಮೀಟರ್ ತೆಳುವಾಗಿ ಅಚ್ಚಿನ ಮೇಲೆ ಹರಡಿಕೊಂಡರೆ ಹುಟ್ಟಿದ ಬಿಸಿಯನ್ನೆಲ್ಲ ಅಚ್ಚು ಹೀರಿಕೊಳ್ಳುತ್ತದೆ. ಹಾರ್ಡನರ್ ಕಮ್ಮಿಯಾದದ್ದು ಒಂದು ಕಡೆಗಿರಲಿ, ನಿಮ್ಮ ಬಕೆಟ್ ಸುಟ್ಟಿದ್ದರ ಹಿಂದೆಯೂ ಟ್ಯಾಂಕ್ ಹಸಿ ಉಳಿದದ್ದರ ಹಿಂದೆಯೂ ಇರುವುದು ಶಾಖ. ಒಂದು ಕಡೆ ಅದು ಸಿಕ್ಕಿಹಾಕಿಕೊಂಡಿತು, ಇನ್ನೊಂದು ಕಡೆ ನಿಲ್ಲಲಿಲ್ಲ. ನೀವು ಹಿಡಿತಕ್ಕೆ ತರಬೇಕಾದ್ದು ಅದನ್ನು, ಹಾರ್ಡನರನ್ನಲ್ಲ.

ಬೇಸಿಗೆಯಲ್ಲಿ ನಾನು ಮಾಡುವುದು ಹೀಗೆ. ಡ್ರಮ್ಮನ್ನು ಹಿಂದಿನ ರಾತ್ರಿಯೇ ನೆರಳಿಗೆ ತಂದು ಒದ್ದೆ ಗೋಣಿಚೀಲ ಸುತ್ತುತ್ತೇವೆ. ನೀರು ಹೊರಮೈಗೆ ಮಾತ್ರ, ಬಿರಡೆ ಬಿಗಿಯಾಗಿ ಮುಚ್ಚಿರಬೇಕು. ಹಾಸುವ ಕೆಲಸ ಬೆಳಗಿನ ಐದೂವರೆಗೆ ಶುರು, ಹತ್ತಕ್ಕೆ ಬಂದ್. ಮಧ್ಯಾಹ್ನ ಕಟಿಂಗ್, ಉಜ್ಜುವುದು, ಬಿಡಿಸುವುದು. ಒಮ್ಮೆಗೆ ಎರಡು ಕಿಲೋಗಿಂತ ಹೆಚ್ಚು ಕಲಸುವುದಿಲ್ಲ, ಕಲಸಿದ್ದನ್ನು ಆಳದ ಬಕೆಟ್‌ನಲ್ಲಿ ಇಡದೆ ಅಗಲ ತಟ್ಟೆಗೆ ಸುರಿಯುತ್ತೇವೆ. ಸಪ್ಲೈ ಮಾಡುವವರಿಗೆ ಫೆಬ್ರವರಿಯಲ್ಲೇ ಹೇಳಿ, ಜೆಲ್ ಸಮಯ ಉದ್ದ ಇರುವ ಬೇಸಿಗೆ ಗ್ರೇಡ್ ತರಿಸುತ್ತೇವೆ. ನಿಧಾನಕ್ಕೆ ಕೆಲಸ ಮಾಡುವ ಹಾರ್ಡನರೂ ಸಿಗುತ್ತದೆ. ಕೋಬಾಲ್ಟ್ ನೀವೇ ಬೆರೆಸುವ ರೆಸಿನ್ ಆಗಿದ್ದರೆ ಇಳಿಸಬೇಕಾದ್ದು ಆ ಕೋಬಾಲ್ಟನ್ನು. ಅಚ್ಚನ್ನಂತೂ ಬಿಸಿಲಲ್ಲಿ ಬಿಡಲೇಬೇಡಿ. ಮಧ್ಯಾಹ್ನದ ಬಿಸಿಲು ಕುಡಿದ ಕಪ್ಪು ಅಚ್ಚಿನ ಮೇಲೆ ಅಂಗೈ ಇಟ್ಟು ನೋಡಿ, ಐದು ಎಣಿಸುವಷ್ಟರಲ್ಲಿ ಕೈ ತೆಗೆಯುತ್ತೀರಿ. ಅಚ್ಚಿಗೆ ಮೊದಲು ಬಳಿಯುವ ಜೆಲ್‌ಕೋಟ್ ಅದರ ಮೇಲೆ ಬ್ರಷ್ ಎಳೆಯುವಾಗಲೇ ಹಿಡಿದುಕೊಳ್ಳುತ್ತದೆ.

ಚಳಿಗಾಲಕ್ಕೆ ಎಲ್ಲ ತಲೆಕೆಳಗು. ಡಿಸೆಂಬರ್ ಬೆಳಗ್ಗೆ 15 ಡಿಗ್ರಿ ಇದ್ದಾಗ ಹಾಸಬೇಡಿ, ಬಿಸಿಲೇರಲಿ. ಹಾರ್ಡನರ್ ಶೇಕಡಾ 2ರ ತನಕ ಏರಿಸಬಹುದು, ಅದಕ್ಕಿಂತ ಮೇಲೆ ಸುರಿದರೆ ಅದರೊಳಗಿನ ಎಣ್ಣೆಯಂಥ ದ್ರವ ಟ್ಯಾಂಕಿನಲ್ಲೇ ಉಳಿದು ಮೈ ಮೆತ್ತಗಾಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ನೋಡುವುದು ಹೇಗೆ.

ಪ್ರತಿ ದಿನ ಕೆಲಸ ಶುರುವಾಗುವ ಮೊದಲು ಒಂದು ಕಪ್ ಪರೀಕ್ಷೆ. ಆ ದಿನ ಬಳಸುವ ಡ್ರಮ್ಮಿನಿಂದಲೇ 100 ಗ್ರಾಂ ರೆಸಿನ್ ತೂಗಿ, ಆ ದಿನ ಹಾಕಲಿರುವ ಅಳತೆಯಲ್ಲೇ ಎಂಇಕೆಪಿ ಬೆರೆಸಿ. ಗಡಿಯಾರ ನೋಡಿಕೊಳ್ಳಿ. ಐಸ್‌ಕ್ಯಾಂಡಿ ಕಡ್ಡಿಯಿಂದ ನಿಮಿಷಕ್ಕೊಮ್ಮೆ ಎತ್ತಿ ನೋಡುತ್ತಿರಿ. ಮೊದಲು ನೀರಿನ ಹಾಗೆ ಸುರಿಯುತ್ತದೆ. ಆಮೇಲೆ ಬೆಲ್ಲದ ಪಾಕದ ಹಾಗೆ ಎಳೆ ಬರುತ್ತದೆ. ಉಂಡೆ ಕಟ್ಟುವ ಹೆಂಗಸರನ್ನು ಕೇಳಿದರೆ ಒಂದೆಳೆ, ಎರಡೆಳೆ ಎಂದು ಬೆರಳಲ್ಲೇ ಹೇಳುತ್ತಾರಲ್ಲ, ಅದೇ ಕಣ್ಣು ಇಲ್ಲಿಗೂ ಬೇಕು. ಎಳೆ ತುಂಡಾಗಿ ಕಡ್ಡಿಗೆ ಲೋಳೆಯ ಮುದ್ದೆ ಎದ್ದು ಬಂದ ಕ್ಷಣ ಜೆಲ್. ಸಮಯ ಬರೆದುಕೊಳ್ಳಿ. ಕಪ್ ಬಿಸಾಡಬೇಡಿ, ಅದರೊಳಗೆ ಥರ್ಮಾಮೀಟರಿನ ತಂತಿ ಇಳಿಬಿಟ್ಟು ಶಿಖರ ಎಷ್ಟಕ್ಕೆ ಮುಟ್ಟಿತು, ಎಷ್ಟು ಹೊತ್ತಿಗೆ ಮುಟ್ಟಿತು ಅದನ್ನೂ ಬರೆಯಿರಿ. ಆರೋಗ್ಯವಾಗಿರುವ ರೆಸಿನ್ ಕಪ್ಪಿನಲ್ಲಿ 150 ಡಿಗ್ರಿ ದಾಟುವುದು ಸಾಮಾನ್ಯ. ಕಪ್ ಮುಟ್ಟಬೇಡಿ ಎಂದು ಹುಡುಗರಿಗೆ ಮೊದಲೇ ಹೇಳಿ. ಎರಡು ತಿಂಗಳು ಬರೆದರೆ ನೋಟ್‌ಬುಕ್ಕೇ ಹೇಳುತ್ತದೆ: ಜೆಲ್ ಎಂದಿನಂತೆ ಆಗಿ ಶಿಖರ ಮಾತ್ರ ತಗ್ಗಿದ್ದರೆ ಅನುಮಾನ ಡ್ರಮ್ಮಿನ ಮೇಲೆ, ಇಲ್ಲವೇ ಹಳೆಯ ಎಂಇಕೆಪಿ ಮೇಲೆ.

ಕಪ್ಪಿನಲ್ಲಿ ನೋಡಿದ್ದು ರೆಸಿನ್ನಿನ ಗುಣ. ಟ್ಯಾಂಕಿನ ಗೋಡೆಯಲ್ಲಿ ಏನಾಗುತ್ತಿದೆ ಎಂಬುದು ಬೇರೆ ಮಾತು. ಅದಕ್ಕೆ ಬಿಸಿ ಅಳೆಯುವ ತೆಳ್ಳಗಿನ ಕೆ ಟೈಪ್ ಥರ್ಮೋಕಪಲ್ ತಂತಿ ತನ್ನಿ. ಆಮೇಲೆ ಕತ್ತರಿಸಿ ಬಿಸಾಡುವ ಅಂಚಿನಲ್ಲಿ, ಎರಡು ಮ್ಯಾಟ್‌ಗಳ ನಡುವೆ ತುದಿ ಹುದುಗಿಸಿ. ತುದಿ ಅಲ್ಲೇ ಉಳಿಯುತ್ತದೆ, ಪರವಾಗಿಲ್ಲ. ಇನ್ನೊಂದು ತಂತಿ ಅಚ್ಚಿನ ಮೇಲೆ, ಮತ್ತೊಂದು ಗಾಳಿಗೆ. ತಂತಿಗಳ ಅಂಕಿ ಬರೆದಿಟ್ಟುಕೊಳ್ಳಲು ನಾಲ್ಕು ಚಾನೆಲ್‌ನ ಸಣ್ಣ ಲಾಗರ್ ಸಾಕು. ದೂರದಿಂದ ಹಿಡಿಯುವ ಇನ್‌ಫ್ರಾರೆಡ್ ಗನ್ನೂ ಇರಲಿ, ಫೈಬರ್ ಮೈ ಮೇಲೆ ಅದು ಚೆನ್ನಾಗಿಯೇ ಓದುತ್ತದೆ. ಆದರೆ ಹೊಳೆಯುವ ಲೋಹದ ಅಚ್ಚಿನ ಮೇಲೆ ಸುಳ್ಳು ಹೇಳುತ್ತದೆ, ಒಳಗಿನ ಬಿಸಿ ಅದಕ್ಕೆ ಕಾಣುವುದೂ ಇಲ್ಲ.

ಲಾಗರ್ ಕೊಡುವ ಬಿಸಿಯ ಗೆರೆ ಓದುವುದು ಕಷ್ಟವಲ್ಲ. ಸಪಾಟಾಗಿ ಹೋಗಿ, ಏರಿ, ಶಿಖರ ಮುಟ್ಟಿ, ಇಳಿದು ಗಾಳಿಯ ಗೆರೆಯನ್ನು ಸೇರುತ್ತದೆ. ಗಾಳಿಗಿಂತ ಹೆಚ್ಚೇನೂ ಮೇಲೇಳದ ಗೆರೆ ಬಂದರೆ ಆ ಪದರ ಸೋತಿದೆ ಅಂತಲೇ ಲೆಕ್ಕ. ತೀರಾ ಚೂಪಾಗಿ ಎದ್ದರೆ ದಪ್ಪ ಒಮ್ಮೆಗೇ ಹೆಚ್ಚು ಹಾಕಿದ್ದೀರಿ. ನಾಲ್ಕೈದು ಮಿಲಿಮೀಟರ್ ಹಾಕಿ, ಶಿಖರ ಇಳಿಯುವ ತನಕ ಕಾದು, ಆಮೇಲೆ ಮುಂದಿನದು. ಇಲ್ಲವಾದರೆ ಟ್ಯಾಂಕಿನ ಬಾಯಿಪಟ್ಟಿಯಂಥ ದಪ್ಪ ಜಾಗಗಳು ಒಳಗೊಳಗೇ ಸುಟ್ಟು ಬಿರಿಯುತ್ತವೆ. ಪಾಲಿಯೆಸ್ಟರ್ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇಕಡಾ ಏಳೆಂಟು ಕುಗ್ಗುವ ಸರಕು, ಬಿಸಿಯಲ್ಲಿ ಕುಗ್ಗಿದ್ದು ತಣ್ಣಗಾಗುವಾಗ ಎಳೆದಾಡುತ್ತದೆ.

ಮಗ ಹೇಳುವ ಸೆನ್ಸರ್ ವಿಷಯ. ಅವನು ಹೇಳುತ್ತಿರುವುದು ಬಹುಶಃ ಡೈಎಲೆಕ್ಟ್ರಿಕ್ ಸೆನ್ಸರ್. ರೆಸಿನ್ ನೀರಾಗಿದ್ದಾಗ ಅದರೊಳಗಿನ ಅಯಾನುಗಳು ಸಲೀಸಾಗಿ ಓಡಾಡುತ್ತವೆ, ಹೆಣಿಗೆ ಬಿಗಿಯಾದಂತೆ ಸಿಕ್ಕಿಬೀಳುತ್ತವೆ. ಅಚ್ಚಿನಲ್ಲಿ ಕೂರಿಸಿದ ಎರಡು ತಂತಿಗಳ ನಡುವೆ ಆ ಓಡಾಟವನ್ನು ಅಳೆದರೆ ತೆಳುವಾದದ್ದು ಯಾವಾಗ, ಗಟ್ಟಿ ಹಿಡಿದದ್ದು ಯಾವಾಗ, ಇನ್ನು ಬದಲಾಗದೆ ನಿಂತದ್ದು ಯಾವಾಗ ಎಲ್ಲವೂ ಅಲ್ಲಿಂದಲ್ಲಿಗೇ ಗೊತ್ತಾಗುತ್ತದೆ. ಒಳ್ಳೆಯ ವಿದ್ಯೆ. ವಿಮಾನದ ಭಾಗಗಳನ್ನು ಆಟೋಕ್ಲೇವ್ ಎಂಬ ಒತ್ತಡದ ಓವನ್ನಿನಲ್ಲಿ ಬೇಯಿಸುವವರಿಗೆ ಅದು ದುಡ್ಡು ಉಳಿಸುತ್ತದೆ. ಅಲ್ಲಿ ಕಾರ್ಬನ್ ಎಪಾಕ್ಸಿಯನ್ನು ನಿಮಿಷಕ್ಕೆ ಒಂದೆರಡು ಡಿಗ್ರಿಯಂತೆ ಏರಿಸಿ, ಕೆಲವು ಬಗೆಯವನ್ನು 180 ಡಿಗ್ರಿಯಲ್ಲಿ, ಆರೇಳು ಪಟ್ಟು ಗಾಳಿಯೊತ್ತಡದಲ್ಲಿ ಗಂಟೆಗಟ್ಟಲೆ ಹಿಡಿದಿಡುತ್ತಾರೆ. ಒತ್ತಡ ಹಾಕುವ ಹೊತ್ತು ತಪ್ಪಿದರೆ ಲಕ್ಷಗಟ್ಟಲೆ ಬೆಲೆಯ ಭಾಗ ಕಸ. ಕುಷ್ಟಗಿ, ಯಲಬುರ್ಗಾ ಕಡೆ ತಿರುಗುವ ಗಾಳಿಯಂತ್ರಗಳ ರೆಕ್ಕೆಗಳನ್ನು ಹೆದ್ದಾರಿಯಲ್ಲಿ ಉದ್ದನೆಯ ಟ್ರೇಲರ್ ಮೇಲೆ ನೋಡಿರುತ್ತೀರಿ. ಅಂಥ ರೆಕ್ಕೆ ಮಾಡುವಲ್ಲಿ ಅಚ್ಚಿನೊಳಗೇ ಹೀಟರ್, ಉದ್ದಕ್ಕೂ ಥರ್ಮೋಕಪಲ್. ಬುಡದಲ್ಲಿ ಪದರ ತುಂಬಾ ದಪ್ಪ, ತುದಿಯಲ್ಲಿ ತೆಳು. ಒಂದೇ ಬಿಸಿ ಕೊಟ್ಟರೆ ಬುಡ ಸುಡುತ್ತದೆ, ತುದಿ ಹಸಿ ಉಳಿಯುತ್ತದೆ. ನಿಮ್ಮ ಬಕೆಟ್ ಮತ್ತು ಟ್ಯಾಂಕಿನ ಕಥೆಯೇ, ಹತ್ತಾರು ಮೀಟರ್ ಉದ್ದಕ್ಕೆ ಎಳೆದದ್ದು. ನಿಮ್ಮ ಶೆಡ್ಡಿಗೆ ಡೈಎಲೆಕ್ಟ್ರಿಕ್ ಸೆನ್ಸರ್ ಬೇಡ. ಆ ದುಡ್ಡಿನ ಒಂದು ಪಾಲಿಗೆ ಲಾಗರ್, ತಕ್ಕಡಿ, ಇನ್ನೊಂದು ಉಪಕರಣ ಬರುತ್ತದೆ. ಮಗ ರಜಕ್ಕೆ ಬಂದಾಗ ಲಾಗರಿನ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ಗೆರೆ ಎಳೆದುಕೊಡಲಿ. ಅವನ ಕಾಲೇಜಿನ ಲ್ಯಾಬಿನಲ್ಲಿ ಸಣ್ಣ ಚೂರು ಬಿಡುವ ಶಾಖ ಅಳೆಯುವ ಡಿಎಸ್‌ಸಿ ಯಂತ್ರ ಇದ್ದರೆ ಟ್ಯಾಂಕಿನಿಂದ ಉಗುರಿನಷ್ಟು ಚೂರು ಕತ್ತರಿಸಿ ಕೊಟ್ಟು ಕಳಿಸಿ. ಕೆಲವೇ ಮಿಲಿಗ್ರಾಂ ಸಾಕು. ಬಿಸಿ ಮಾಡಿದಾಗ ಆ ಚೂರು ಇನ್ನೂ ಎಷ್ಟು ಶಾಖ ಬಿಡುತ್ತದೋ ಅಷ್ಟು ಹೆಣಿಗೆ ಬಾಕಿ ಇದೆ ಎಂದರ್ಥ.

ಇನ್ನೊಂದು ಉಪಕರಣ ಅಂದೆನಲ್ಲ, ಅದು ಗಟ್ಟಿತನ ಅಳೆಯುವ ಬಾರ್ಕಾಲ್. ಅಂಗೈಯಲ್ಲಿ ಹಿಡಿಯುವಂಥದ್ದು, ಒತ್ತಿದರೆ ಸೂಜಿ ಮೈಗೆ ಎಷ್ಟು ಇಳಿಯಿತು ಎಂಬುದನ್ನು ಮುಳ್ಳು ತೋರಿಸುತ್ತದೆ. ಗಾಜಿನ ನಾರು ಸಿಕ್ಕ ಕಡೆ ಹೆಚ್ಚು, ಬರೀ ರೆಸಿನ್ ಸಿಕ್ಕ ಕಡೆ ಕಮ್ಮಿ ತೋರಿಸುವುದರಿಂದ ಒಂದೇ ಸಲ ಒತ್ತಿ ನಂಬಬೇಡಿ. ಹತ್ತು ಕಡೆ ಒತ್ತಿ ಸರಾಸರಿ ತೆಗೆಯಿರಿ. ರೆಸಿನ್ ಕಂಪನಿ ಕೊಟ್ಟ ಅಂಕಿಯ ಶೇಕಡಾ 90 ಬಂದರೆ ಟ್ಯಾಂಕ್ ಕಳಿಸಬಹುದು. ಸಾಮಾನ್ಯ ಪಾಲಿಯೆಸ್ಟರಿಗೆ 35, 40ರ ಆಸುಪಾಸು ಇರುತ್ತದೆ. ಬಾರ್ಕಾಲ್ ಕೊಳ್ಳುವ ತನಕ ಅಸಿಟೋನ್ ಪರೀಕ್ಷೆ: ಬಿಳಿ ಬಟ್ಟೆಗೆ ಅಸಿಟೋನ್ ಹಚ್ಚಿ ಅರ್ಧ ನಿಮಿಷ ಉಜ್ಜಿ, ಒಣಗಿದ ಮೇಲೆ ಬೆರಳಿಡಿ. ಮೈ ಮೆತ್ತಗಾಗಿ ಅಂಟಿದರೆ ಹಸಿ.

ಇನ್ನು ನಿಮ್ಮ ಎರಡು ಟ್ಯಾಂಕ್. ಅಂಟುತ್ತಿರುವುದು ಒಳಮೈ ಎಂದಿದ್ದೀರಿ, ಅಂದರೆ ಹೊರ ಅಚ್ಚಿನಲ್ಲಿ ಹಾಸಿದ್ದೀರಿ, ಗಾಳಿಗೆ ತೆರೆದುಕೊಂಡದ್ದೂ ಒಳಮೈಯೇ. ಗಾಳಿಯ ಆಮ್ಲಜನಕ ಮೇಲ್ಮೈ ಹೆಣಿಗೆಯನ್ನು ತಡೆಯುತ್ತದೆ. ಕೊನೆಯ ಕೋಟಿಗೆ ವ್ಯಾಕ್ಸ್ ಬೆರೆಸದಿದ್ದರೆ ಸರಿಯಾಗಿ ಕ್ಯೂರ್ ಆದ ಟ್ಯಾಂಕೂ ಮೇಲೆ ಅಂಟುತ್ತದೆ. ಆದ್ದರಿಂದ ಮೊದಲು ಒಂದು ಅಂಗೈ ಜಾಗ ಅಸಿಟೋನಿನಲ್ಲಿ ಒರೆಸಿ, ಮರಳು ಕಾಗದದಲ್ಲಿ ಉಜ್ಜಿ, ಕೆಳಗಿನ ಮೈಗೆ ಬಾರ್ಕಾಲ್ ಒತ್ತಿ ನೋಡಿ. ಕೆಳಗೆ ಗಟ್ಟಿ ಇದ್ದರೆ ಅದೃಷ್ಟ: ಪೂರ್ತಿ ಉಜ್ಜಿ, ವ್ಯಾಕ್ಸ್ ಬೆರೆಸಿದ ಟಾಪ್‌ಕೋಟ್ ಒಂದು ಎಳೆಯಿರಿ. ವ್ಯಾಕ್ಸ್ ಕೊನೆಯ ಕೋಟಿಗೆ ಮಾತ್ರ, ಅದರ ಮೇಲೆ ಇನ್ನೊಂದು ಪದರ ಕೂರುವುದಿಲ್ಲ.

ಕೆಳಗೂ ಮೆತ್ತಗಿದ್ದರೆ ಬಿಸಿ ಕೊಟ್ಟು ನೋಡುವುದೊಂದೇ ದಾರಿ. ಪಾಲಿಯೆಸ್ಟರ್ ಸಾಮಾನು ಒಂದು ದಿನ ಹಾಗೇ ಬಿಟ್ಟು, ಆಮೇಲೆ 40 ಡಿಗ್ರಿಯಲ್ಲಿ 16 ತಾಸು, ಇಲ್ಲವೇ 80 ಡಿಗ್ರಿಯಲ್ಲಿ 3 ತಾಸು ಕೊಡುವುದು ಈ ಕಸುಬಿನಲ್ಲಿ ಬಹುಕಾಲದಿಂದ ಬಂದ ಲೆಕ್ಕ. ಬೇರೆ ಊರಿನವರು 40 ಡಿಗ್ರಿಗೆ ಓವನ್ ಕಟ್ಟಿಸುತ್ತಾರೆ, ನಮಗೆ ಮೇ ತಿಂಗಳು ಪುಕ್ಕಟೆ ಕೊಡುತ್ತದೆ. ಟ್ಯಾಂಕನ್ನು ಅಂಗಳಕ್ಕೆ ತಂದು ಕಪ್ಪು ಟಾರ್ಪಾಲ್ ಹೊದಿಸಿ, ಒಳಗೊಂದು ತಂತಿ ಬಿಟ್ಟು ನಾಲ್ಕು ದಿನ ಓದುತ್ತಿರಿ. ಬಾಯಿ ಪೂರ್ತಿ ಮುಚ್ಚಬೇಡಿ, ಸ್ಟೈರೀನ್ ಹೊರಗೆ ಹೋಗಬೇಕು. ಹಸಿ ಟ್ಯಾಂಕ್ ಬಿಸಿಗೆ ಕುಸಿಯುತ್ತದೆ, ಒಳಗೆ ಹಲಗೆಯ ಆಸರೆ ಕೊಡಿ. ಬ್ಲೋವರ್ ಇಟ್ಟು 80ಕ್ಕೆ ಏರಿಸುವುದಾದರೆ ಹೀಟರ್ ಹೊರಗಿರಲಿ, ಬಿಸಿ ಗಾಳಿ ಮಾತ್ರ ಪೈಪಿನಲ್ಲಿ ಒಳಗೆ ಹೋಗಲಿ. ಕಾಯಿಲ್, ಬಲ್ಬು, ಬೀಡಿ ಯಾವುದೂ ಟ್ಯಾಂಕಿನ ಹತ್ತಿರ ಬೇಡ. ಸ್ಟೈರೀನ್ ಕಿಡಿ ತಾಕಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡಲು 31 ಡಿಗ್ರಿ ಸಾಕು. ಬಳ್ಳಾರಿಯಲ್ಲಿ ವರ್ಷದ ಬಹುಪಾಲು ಮಧ್ಯಾಹ್ನ ಅದಕ್ಕಿಂತ ಬಿಸಿ.

ಎಂಇಕೆಪಿ ಕ್ಯಾನನ್ನೂ ಇದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. 60 ಡಿಗ್ರಿ ಆಸುಪಾಸಿನಲ್ಲಿ ಅದು ತನ್ನಷ್ಟಕ್ಕೆ ತಾನೇ ಒಡೆಯಲು ಶುರುಮಾಡುವ ಸರಕು. ತಗಡಿನ ಮಾಡಿನ ಕೆಳಗೆ, ಅಟ್ಟದ ಮೇಲೆ ಇಡಬೇಡಿ. ಕೋಬಾಲ್ಟ್ ಬಾಟಲಿ ಬೇರೆ ಮೂಲೆಯಲ್ಲಿರಲಿ. ಎರಡೂ ನೇರವಾಗಿ ಸೇರಿದರೆ ಸಿಡಿಯುತ್ತವೆ. ಕೋಬಾಲ್ಟ್ ಮೊದಲು ರೆಸಿನ್ನಿಗೆ ಪೂರ್ತಿ ಬೆರೆಯಬೇಕು, ಆಮೇಲಷ್ಟೇ ಎಂಇಕೆಪಿ. ಕಣ್ಣಿಗೆ ಒಂದು ಹನಿ ಬಿದ್ದರೂ ಕಣ್ಣೇ ಹೋಗಬಹುದು. ಕನ್ನಡಕ ಹಾಕದ ಹುಡುಗನ ಕೈಗೆ ಕ್ಯಾನ್ ಕೊಡಬೇಡಿ. ಬಿದ್ದರೆ ತಡಮಾಡದೆ ನಲ್ಲಿ ನೀರಿನಲ್ಲಿ ತೊಳೆಯುತ್ತಲೇ ಆಸ್ಪತ್ರೆಗೆ.

ಹಾಗೆಯೇ, ವಾಷಿಂಗ್ ಯುನಿಟ್‌ನವರು ಆ ಟ್ಯಾಂಕಿನಲ್ಲಿ ಏನು ತುಂಬುತ್ತಾರೆ ಕೇಳಿದ್ದೀರಾ? ಬರೀ ನೀರಾದರೆ ನಿಮ್ಮ ರೆಸಿನ್ ನಡೆಯುತ್ತದೆ. ಬ್ಲೀಚಿಗೆ ಬಳಸುವ ಹೈಪೋ ಅಥವಾ ಕಾಸ್ಟಿಕ್ ಆದರೆ ಸಾಮಾನ್ಯ ಪಾಲಿಯೆಸ್ಟರ್ ಎಷ್ಟೇ ಚೆನ್ನಾಗಿ ಕ್ಯೂರ್ ಆಗಿದ್ದರೂ ತಿಂದುಹೋಗುತ್ತದೆ. ಅದಕ್ಕೆ ವಿನೈಲ್ ಎಸ್ಟರ್ ಎಂಬ ಬೇರೆ ರೆಸಿನ್ ಬೇಕು, ಬೆಲೆಯೂ ಬೇರೆ.

ನಾಲ್ಕು ದಿನದ ಬಿಸಿಲಿಗೆ ಬಾರ್ಕಾಲ್ ಅಂಕಿ ಏರುತ್ತಾ ಹೋದರೆ ಕಾಯಿರಿ, ಇನ್ನೂ ಏರುತ್ತದೆ. ಮೊದಲ ದಿನ ಎಷ್ಟಿತ್ತೋ ಅಲ್ಲೇ ನಿಂತಿದ್ದರೆ ಒಳಗಿನ ಎಂಇಕೆಪಿ ಎಂದೋ ಮುಗಿದಿದೆ, ಮೇಲಿಂದ ಹಚ್ಚುವ ಯಾವ ಕೋಟೂ ಅದನ್ನು ಉಳಿಸುವುದಿಲ್ಲ. ಅಂಥದ್ದನ್ನು ಗಿರಾಕಿಗೆ ಕಳಿಸಬೇಡಿ. ನನಗೆ ವಾಪಸ್ ಬಂದ ಟ್ಯಾಂಕನ್ನು ಅಡ್ಡಡ್ಡ ಕತ್ತರಿಸಿ, ಬುಡದ ಅರ್ಧಕ್ಕೆ ಮರಳು ತುಂಬಿ ಶೆಡ್ಡಿನ ಬಾಗಿಲ ಹೊರಗೆ ಇಟ್ಟಿದ್ದೇನೆ. ಯಾವುದಾದರೂ ಬಕೆಟ್ ಹೊಗೆಯಾಡಿದರೆ ಹುಡುಗರು ಓಡಿ ಬಂದು ಅದರಲ್ಲಿ ಸುರಿದು ತೆಳ್ಳಗೆ ಹರಡುತ್ತಾರೆ.